ಮೆತ್ತಗಿರಬೇಕಾದ ಬಿಸ್ಕತ್ತು

ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಮೆತ್ತಗಾದ ಬಿಸ್ಕತ್ತನ್ನು ನಮ್ಮ ಮನೆಗಳಲ್ಲಿ ಯಾರೂ ಇಷ್ಟಪಟ್ಟು ತಿನ್ನುವುದಿಲ್ಲ. ಚಕ್ಕುಲಿ ಗರಿಗರಿಯಾಗಿರಬೇಕು, ಕೋಡುಬಳೆ ಕಟುಂ ಎನ್ನಬೇಕು, ಬಿಸ್ಕತ್ತು ಮುರಿದರೆ ಸದ್ದಾಗಬೇಕು. ಮೆತ್ತಗಾಯಿತೆಂದರೆ ಕೆಟ್ಟಿತೆಂದೇ ಲೆಕ್ಕ. ಹೀಗೆ ಪಳಗಿದ ನಾಲಿಗೆಗೆ ಅಮೆರಿಕದ ಮನೆಗಳಲ್ಲಿ ಮಾಡುವ ಓಟ್ಸ್ ಕುಕಿ ಮೊದಲ ಸಲ ಸಿಕ್ಕಾಗ ಅನುಮಾನ ಬರುವುದು ಸಹಜ. ಅದರ ಅಂಚು ಮಾತ್ರ ತುಸು ಗಟ್ಟಿ, ನಡುಭಾಗ ಮೆತ್ತಗೆ. ಮುರಿಯಹೋದರೆ ಮೊದಲು ಬಾಗುತ್ತದೆ. ಬಾಯಿಗೆ ಹಾಕಿಕೊಂಡರೆ ನಾನ್‌ಖಟಾಯಿಯಂತೆ ಪುಡಿಯಾಗುವುದಿಲ್ಲ, ಕೇಕಿನಂತೆ ಕರಗುವುದೂ ಇಲ್ಲ. ಅಗಿಯಬೇಕು. ಅಗಿದಷ್ಟೂ ಚಕ್ಕೆ, ಜಾಯಿಕಾಯಿ, ಶುಂಠಿಯ ಘಮ ಬಿಡುತ್ತದೆ. ‘ಇನ್ನೂ ಸ್ವಲ್ಪ ಬೇಯಬೇಕಿತ್ತೇನೋ’ ಎಂದುಕೊಂಡೇ ಎರಡನೆಯದಕ್ಕೆ ಕೈ ಹಾಕುವವರೇ ಹೆಚ್ಚು.

ಆ ‘ಇನ್ನೂ ಸ್ವಲ್ಪ ಬೇಯಬೇಕಿತ್ತು’ ಎಂಬ ಮಾತಿನಲ್ಲೇ ಎಲ್ಲ ಎಡವಟ್ಟೂ ಇರುವುದು. ಮನೆಯಲ್ಲಿ ಓವನ್ ಇಟ್ಟುಕೊಂಡು ಇದನ್ನು ಮಾಡಹೊರಟ ಅನೇಕರ ದೂರು ಒಂದೇ: ‘ಮಾಡಿದ ದಿನ ಪರವಾಗಿಲ್ಲ, ಮಾರನೆಯ ದಿನ ಕಲ್ಲು’. ಬೆಣ್ಣೆ, ದ್ರಾಕ್ಷಿ, ಓಟ್ಸ್ ಯಾವುದೂ ಅಗ್ಗದ ಪದಾರ್ಥವಲ್ಲ. ಒಂದು ತಟ್ಟೆ ಕಲ್ಲಾದರೆ ಗೃಹಿಣಿಯ ಹೊಟ್ಟೆ ಉರಿಯದೆ ಇರುತ್ತದೆಯೇ? ಆದ್ದರಿಂದ ಈ ವಾರ ಬರೀ ಅಳತೆ ಹೇಳಿ ಮುಗಿಸದೆ, ಇದು ಯಾಕೆ ಮೆತ್ತಗಾಗುತ್ತದೆ, ಯಾಕೆ ಗಟ್ಟಿಯಾಗುತ್ತದೆ ಎಂಬುದನ್ನೂ ನೋಡೋಣ. ಕಾರಣ ತಿಳಿದರೆ ಅಳತೆಯಲ್ಲಿ ತುಸು ಹೆಚ್ಚುಕಡಿಮೆಯಾದರೂ ಕೈ ಕೆಡುವುದಿಲ್ಲ.

ಹೆಸರಿನಲ್ಲೇ ಇದೆ ಗುಟ್ಟು

‘ಬಿಸ್ಕತ್ತು’ ಎಂಬ ಮಾತಿನ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ‘ಎರಡು ಸಲ ಬೇಯಿಸಿದ್ದು’ ಎಂದು ಅದರ ಅರ್ಥ. ತಿಂಗಳುಗಟ್ಟಲೆ ಹಡಗಿನಲ್ಲಿ ಹೋಗುವವರಿಗೆ ಕೆಡದಂಥ ತಿನಿಸು ಬೇಕಿತ್ತು. ಅದಕ್ಕಾಗಿ ಹಿಟ್ಟಿನ ನೀರೆಲ್ಲ ಆರುವವರೆಗೆ ಬೇಯಿಸಿ ಒಣಗಿಸುತ್ತಿದ್ದರು. ನಮ್ಮ ಬೇಕರಿಯ ರಸ್ಕ್ ಇದೇ ವಂಶದ್ದು. ‘ಕುಕಿ’ ಎಂಬುದು ಡಚ್ ಭಾಷೆಯಿಂದ ಬಂದದ್ದು. ಅಲ್ಲಿ ಅದಕ್ಕೆ ‘ಪುಟ್ಟ ಕೇಕು’ ಎಂದರ್ಥ. ಅಂದರೆ ಬಿಸ್ಕತ್ತು ನೀರನ್ನು ಕಳೆದುಕೊಂಡ ತಿನಿಸು, ಕುಕಿ ನೀರನ್ನು ಉಳಿಸಿಕೊಂಡ ತಿನಿಸು. ಈಗ ಎರಡು ಹೆಸರೂ ಕಲಸಿಹೋಗಿವೆ. ಗರಿಗರಿಯಾದ ಕುಕಿಗಳೂ ಬೇಕಾದಷ್ಟಿವೆ. ಆದರೆ ನಾವು ಮಾತಾಡುತ್ತಿರುವ ಓಟ್ಸ್ ಕುಕಿ ಮಾತ್ರ ಹೆಸರಿಗೆ ತಕ್ಕಂತೆ ಉಳಿದಿದೆ.

ಈ ಮಾತನ್ನು ಅಮೆರಿಕಕ್ಕೆ ಒಯ್ದವರು 17ನೇ ಶತಮಾನದಲ್ಲಿ ಈಗಿನ ನ್ಯೂಯಾರ್ಕ್ ಸುತ್ತ ನೆಲೆಸಿದ್ದ ಡಚ್ಚರು. ಆಗ ಆ ಊರಿನ ಹೆಸರು ನ್ಯೂ ಆಮ್‌ಸ್ಟರ್‌ಡ್ಯಾಂ. 1664ರಲ್ಲಿ ಇಂಗ್ಲಿಷರು ಅದನ್ನು ವಶಪಡಿಸಿಕೊಂಡರು. 1667ರ ಬ್ರೆಡಾ ಒಪ್ಪಂದದಲ್ಲಿ ಆ ಊರು ಇಂಗ್ಲಿಷರಿಗೇ ಉಳಿಯಿತು, ಜಾಯಿಕಾಯಿ ಬೆಳೆಯುವ ರನ್ ಎಂಬ ಪುಟ್ಟ ದ್ವೀಪ ಡಚ್ಚರ ಪಾಲಾಯಿತು. ಇಂದಿನ ಇಂಡೋನೇಷ್ಯಾದ ಬಂಡಾ ದ್ವೀಪಗಳಲ್ಲಿ ಅದೂ ಒಂದು. ಕುಕಿಗೆ ಹೆಸರು ಕೊಟ್ಟವರು ಊರು ಬಿಟ್ಟು ಜಾಯಿಕಾಯಿ ಇಟ್ಟುಕೊಂಡರು! ನಮ್ಮಲ್ಲಾದರೋ ಉತ್ತರ ಕನ್ನಡ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೇ ಜಾಯಿಕಾಯಿ ಸಿಗುತ್ತದೆ. ಅದಕ್ಕಾಗಿ ಯುದ್ಧ ಮಾಡಬೇಕಾಗಿಲ್ಲ.

ಓಟ್ಸ್ ಈ ಕುಕಿಗೆ ಸೇರಿದ್ದು ಆಮೇಲೆ. ತಂಪು ಹವೆ, ಜಿಟಿಜಿಟಿ ಮಳೆಯ ಸ್ಕಾಟ್ಲೆಂಡಿನಲ್ಲಿ ಗೋಧಿಗಿಂತ ಓಟ್ಸ್ ಚೆನ್ನಾಗಿ ಬೆಳೆಯುತ್ತದೆ. ಅಲ್ಲಿಯವರಿಗೆ ಅದರ ಗಂಜಿಯೂ ರೊಟ್ಟಿಯೂ ನಿತ್ಯದ ಆಹಾರವಾಗಿದ್ದವು. ಉಳಿದ ಎಷ್ಟೋ ಕಡೆ ಅದು ಕುದುರೆಯ ಮೇವು. ಅಮೆರಿಕದಲ್ಲಿ ಅದನ್ನು ಮನುಷ್ಯರ ಉಪಾಹಾರವಾಗಿ ಬೆಳೆಸಿದ್ದು 19ನೇ ಶತಮಾನದ ಕೊನೆಯ ಗಿರಣಿಗಳು. ಕ್ವೇಕರ್ ಎಂಬ ಹೆಸರು ಅಲ್ಲಿ ನೋಂದಣಿಯಾದದ್ದು 1877ರಲ್ಲಿ. ಬಾಸ್ಟನ್ನಿನ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ 1896ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಓಟ್ಸ್ ಕುಕಿಯ ಪಾಕವಿಧಾನವಿದೆ. ಮುಂದೆ ಓಟ್ಸ್ ಕಂಪನಿಗಳು ಡಬ್ಬಿಯ ಮೇಲೆಯೇ ಕುಕಿ ಮಾಡುವ ಕ್ರಮವನ್ನು ಅಚ್ಚು ಹಾಕಿಸಿದವು. ಹಾಗಾಗಿ ಅದು ಬೇಕರಿಯ ತಿನಿಸಾಗುವುದಕ್ಕಿಂತ ಹೆಚ್ಚಾಗಿ ಮನೆಯ ತಿನಿಸಾಗಿಯೇ ಬೆಳೆಯಿತು.

ಓಟ್ಸ್ ಎಂದರೆ ಅವಲಕ್ಕಿಯೇ

ಅಂಗಡಿಯಲ್ಲಿ ಸಿಗುವ ಓಟ್ಸ್ ನೋಡಿದರೆ ನಮಗೆ ಪರಕೀಯವೇನೂ ಅಲ್ಲ. ಸಿಪ್ಪೆ ತೆಗೆದ ಕಾಳನ್ನು ಹಬೆಯಲ್ಲಿ ಬೇಯಿಸಿ, ಉರುಳೆಗಳ ನಡುವೆ ಒತ್ತಿ ಚಪ್ಪಟೆ ಮಾಡಿದ್ದು. ಅವಲಕ್ಕಿಯ ಅಣ್ಣತಮ್ಮ ಎನ್ನಿ. ಅವಲಕ್ಕಿಯಲ್ಲಿ ಗಟ್ಟಿ, ಪೇಪರ್ ಎಂದು ಇರುವಂತೆ ಇಲ್ಲೂ ದಪ್ಪ ಹಳಕಿನ ‘ರೋಲ್ಡ್ ಓಟ್ಸ್’, ತೆಳ್ಳಗೆ ಒತ್ತಿದ ‘ಕ್ವಿಕ್ ಓಟ್ಸ್’ ಎಂದು ಎರಡು ಬಗೆ ಸಾಮಾನ್ಯ. ಕುಕಿಗೆ ದಪ್ಪನೆಯದೇ ಒಳ್ಳೆಯದು. ಅದು ನೀರು ಹೀರಿಯೂ ಆಕಾರ ಬಿಡುವುದಿಲ್ಲ, ಹಲ್ಲಿಗೆ ಸಿಗುತ್ತದೆ. ತೆಳ್ಳನೆಯದು ಬೇಗ ಹೀರಿ ಹಿಟ್ಟಿನಲ್ಲಿ ಬೆರೆತುಹೋಗುತ್ತದೆ. ಕುಕಿ ಮೆತ್ತಗಾಗುತ್ತದೆ, ಆದರೆ ಅಗಿಯಲು ಏನೂ ಉಳಿಯುವುದಿಲ್ಲ. ಮಸಾಲೆ ಸೇರಿಸಿ ಪೊಟ್ಟಣದಲ್ಲಿ ಮಾರುವ ದಿಢೀರ್ ಓಟ್ಸ್ ಅಂತೂ ಬೇಡವೇ ಬೇಡ.

ಗೋಧಿ, ಅಕ್ಕಿಗಿಂತ ಓಟ್ಸ್‌ನಲ್ಲಿ ಎಣ್ಣೆಯ ಅಂಶ ಹೆಚ್ಚು. ಹಬೆಯಲ್ಲಿ ಬೇಯಿಸುವುದರ ಒಂದು ಉದ್ದೇಶ, ಆ ಎಣ್ಣೆಯನ್ನು ಕೆಡಿಸುವ ಕಿಣ್ವವನ್ನು ಅಡಗಿಸುವುದು. ಆದರೂ ಬಹಳ ಕಾಲ ಇಟ್ಟರೆ ಮುಗ್ಗಲು ಬರುತ್ತದೆ. ತೆರೆದ ಪೊಟ್ಟಣವನ್ನು ಬಳಸುವ ಮುನ್ನ ಒಮ್ಮೆ ಮೂಸಿ ನೋಡಿ. ಎಷ್ಟೇ ಚಕ್ಕೆ ಪುಡಿ ಹಾಕಿದರೂ ಕೆಟ್ಟ ಎಣ್ಣೆಯ ವಾಸನೆ ಮುಚ್ಚಿಹೋಗುವುದಿಲ್ಲ.

ನೀರು ಹಿಡಿದಿಡುವವರು ಯಾರು?

ಸಕ್ಕರೆ ಪಾಕ ಹಿಡಿದವರಿಗೆ ಇದನ್ನು ವಿವರಿಸುವುದು ಸುಲಭ. ನೀರು ಹೆಚ್ಚಿದ್ದರೆ ಎಳೆ ಪಾಕ, ಇನ್ನಷ್ಟು ಆರಿದರೆ ಉಂಡೆ ಪಾಕ, ಪೂರ್ತಿ ಆರಿದರೆ ಚಿಕ್ಕಿಯ ಪಾಕ. ಬಿಸಿಯಾಗಿರುವಾಗ ಮೂರೂ ಹರಿಯುತ್ತವೆ. ಆರಿದ ಮೇಲಷ್ಟೇ ವ್ಯತ್ಯಾಸ. ಓವನ್ನಿನಲ್ಲಿರುವ ಕುಕಿಯೊಳಗೂ ಹಿಟ್ಟಿನ ನಡುವೆ ಪಾಕವೇ ಇರುವುದು. ಬಿಸಿಯಲ್ಲಿ ಮೆತ್ತಗೆ ಕಂಡಿತೆಂದು ಇನ್ನೈದು ನಿಮಿಷ ಬಿಟ್ಟಿರೋ, ಎಳೆ ಪಾಕ ಚಿಕ್ಕಿ ಪಾಕವಾಯಿತು. ಮಾರನೆಯ ದಿನದ ಕಲ್ಲಿಗೆ ಮುಖ್ಯ ಕಾರಣ ಇದು.

ಎರಡನೆಯ ಕಾರಣ ಸಕ್ಕರೆಯ ಜಾತಿ. ಬಿಳಿ ಸಕ್ಕರೆ ಆರಿದಂತೆ ಮತ್ತೆ ಹರಳುಗಟ್ಟುತ್ತದೆ, ಕುಕಿ ಗರಿಗರಿಯಾಗುತ್ತದೆ. ಅಮೆರಿಕದವರು ಬಳಸುವ ‘ಬ್ರೌನ್ ಶುಗರ್’ ಎಂದರೆ ಸಕ್ಕರೆಗೆ ಕಾಕಂಬಿ ಬೆರೆತದ್ದು, ಮುಟ್ಟಿದರೆ ಒದ್ದೆ ಮರಳಿನಂತಿರುತ್ತದೆ. ಕಾಕಂಬಿಯಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್ ಹರಳುಗಟ್ಟಲು ಬಿಡುವುದಿಲ್ಲ. ಫ್ರಕ್ಟೋಸ್ ಅಂತೂ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಇದಕ್ಕೆ ಸಾಕ್ಷಿ ನಮ್ಮ ಅಡುಗೆಮನೆಯಲ್ಲೇ ಇದೆ. ಮಳೆಗಾಲದಲ್ಲಿ ಬೆಲ್ಲ ಜಿನುಗಿ ಡಬ್ಬಿಯ ತಳದಲ್ಲಿ ಅಂಟಂಟಾಗುವುದಿಲ್ಲವೇ? ಆಗ ಬೈಯುವ ಆ ಗುಣವೇ ಇಲ್ಲಿ ಬೇಕಾದದ್ದು. ನಮ್ಮ ಅಂಗಡಿಗಳಲ್ಲಿ ಕಂದು ಸಕ್ಕರೆ ಎಂದು ಸಿಗುವುದು ಅನೇಕ ಸಲ ಒಣ ದಪ್ಪ ಹರಳು. ಅದರಿಂದ ಈ ಕೆಲಸ ಆಗದು. ಅದರ ಬದಲು ಮಂಡ್ಯದ ಒಳ್ಳೆಯ ಬೆಲ್ಲವನ್ನು ನುಣ್ಣಗೆ ತುರಿದು ಹಾಕಿ. ಮಲೆನಾಡಿನ ಜೋನಿ ಬೆಲ್ಲ ಸಿಕ್ಕರೆ ಒಂದು ಚಮಚ ಸೇರಿಸಿ. ಕಾಕಂಬಿಯ ಸ್ಥಾನಕ್ಕೆ ಅದಕ್ಕಿಂತ ಯೋಗ್ಯವಾದದ್ದು ಬೇರೊಂದಿಲ್ಲ.

ಮೂರನೆಯದು ಜಿಡ್ಡು. ತುಪ್ಪದಲ್ಲಿ ನೀರಿಲ್ಲ. ಅದು ಹಿಟ್ಟಿನ ಕಣಗಳನ್ನು ಸುತ್ತಿಕೊಂಡು ಒಂದಕ್ಕೊಂದು ಅಂಟದಂತೆ ಮಾಡುತ್ತದೆ. ನಾನ್‌ಖಟಾಯಿ ಬಾಯಲ್ಲಿ ಪುಡಿಯಾಗುವುದು ಅದರಿಂದಲೇ. ಬೆಣ್ಣೆಯಲ್ಲಿ ಸುಮಾರು ಆರನೇ ಒಂದು ಪಾಲು ನೀರಿರುತ್ತದೆ. ಆ ನೀರಿನಿಂದ ಮೈದಾದ ಅಂಟು ತುಸು ಬಿಡುತ್ತದೆ, ಓಟ್ಸ್ ನೆನೆಯುತ್ತದೆ. ಆದ್ದರಿಂದ ಬೆಣ್ಣೆಯೇ ಸರಿ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆಯ ಅಂಶವನ್ನು ಚೆನ್ನಾಗಿ ಒತ್ತಿ ತೆಗೆಯಿರಿ. ನೀರು ವಿಪರೀತವಾದರೆ ಕುಕಿ ದೋಸೆಯಂತೆ ಹರಡುತ್ತದೆ.

ನಾಲ್ಕನೆಯದು ತಾಳ್ಮೆ. ಕಣಕ ನೆನೆದಷ್ಟೂ ಹೋಳಿಗೆ ಮೆತ್ತಗೆ ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಲ್ಲೂ ಕಲಸಿದ ಹಿಟ್ಟನ್ನು ಒಂದು ಗಂಟೆ ಫ್ರಿಜ್ಜಿನಲ್ಲಿ ಇಡಬೇಕು. ಒಣ ಓಟ್ಸ್ ಅಷ್ಟರಲ್ಲಿ ಮೊಟ್ಟೆಯ, ಬೆಣ್ಣೆಯ ತೇವವನ್ನು ಕುಡಿದಿರುತ್ತದೆ. ಕುಡಿದ ನೀರು ಓವನ್ನಿನಲ್ಲಿ ಸುಲಭವಾಗಿ ಹಾರಿಹೋಗುವುದಿಲ್ಲ. ಬೆಣ್ಣೆಯೂ ಗಟ್ಟಿಯಾಗಿರುವುದರಿಂದ ಕುಕಿ ಬೇಗ ಹರಡದೆ ದಪ್ಪಗೆ ನಿಲ್ಲುತ್ತದೆ.

ಬೇಕಾಗುವ ಸಾಮಗ್ರಿಗಳು (ಸುಮಾರು 20 ಕುಕಿಗೆ)

ಬೆಣ್ಣೆ 115 ಗ್ರಾಂ, ತುರಿದ ಬೆಲ್ಲ 120 ಗ್ರಾಂ, ಸಕ್ಕರೆ 40 ಗ್ರಾಂ, ಜೋನಿ ಬೆಲ್ಲ 1 ದೊಡ್ಡ ಚಮಚ, ಮೊಟ್ಟೆ 1, ಮೈದಾ 100 ಗ್ರಾಂ, ದಪ್ಪ ಓಟ್ಸ್ 150 ಗ್ರಾಂ, ಒಣದ್ರಾಕ್ಷಿ 75 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಕ್ಕೆ ಪುಡಿ 1 ಟೀ ಚಮಚ, ಒಣಶುಂಠಿ ಪುಡಿ ಅರ್ಧ ಟೀ ಚಮಚ, ತುರಿದ ಜಾಯಿಕಾಯಿ ಕಾಲು ಟೀ ಚಮಚ, ಲವಂಗ 2 (ಪುಡಿ ಮಾಡಿ), ಉಪ್ಪು ಎರಡು ಚಿಟಿಕೆ. ಉಪ್ಪು ಹಾಕಿದ ಪೊಟ್ಟಣದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ.

ಮಾಡುವ ವಿಧಾನ

ಮೊದಲು ಒಣದ್ರಾಕ್ಷಿಯನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಬಸಿದು, ಬಟ್ಟೆಯಲ್ಲಿ ಒರೆಸಿಡಿ. ಒಣಗಿದ ದ್ರಾಕ್ಷಿಯನ್ನು ಹಾಗೇ ಹಾಕಿದರೆ ಅದು ಸುತ್ತಲಿನ ಹಿಟ್ಟಿನ ನೀರನ್ನೇ ಹೀರಿಕೊಳ್ಳುತ್ತದೆ.

ಬೆಣ್ಣೆ ಬೆರಳಿಗೆ ಅದುಮುವಷ್ಟು ಮೆತ್ತಗಿರಲಿ, ಕರಗಿರಬಾರದು. ಅದಕ್ಕೆ ಬೆಲ್ಲ, ಸಕ್ಕರೆ, ಜೋನಿ ಬೆಲ್ಲ ಹಾಕಿ ಮರದ ಸೌಟಿನಲ್ಲಿ ಎರಡು ಮೂರು ನಿಮಿಷ ಕಲಸಿ. ಕೇಕಿಗೆ ಮಾಡುವಂತೆ ಬೆಳ್ಳಗೆ ನೊರೆಯಾಗುವವರೆಗೆ ತಿಕ್ಕಬೇಡಿ. ಗಾಳಿ ಹೆಚ್ಚು ಸೇರಿದರೆ ಕುಕಿ ಕೇಕಿನಂತೆ ಉಬ್ಬುತ್ತದೆ, ಅಗಿಯುವ ಗುಣ ಹೋಗುತ್ತದೆ. ಮಸಾಲೆ ಪುಡಿಗಳನ್ನೆಲ್ಲ ಈಗಲೇ, ಬೆಣ್ಣೆಗೇ ಹಾಕಿ. ಹಿಟ್ಟಿಗೆ ಬೆರೆಸುವುದಕ್ಕಿಂತ ಇದು ಮೇಲು. ಚಕ್ಕೆ, ಲವಂಗದ ಪರಿಮಳ ಇರುವುದು ಅವುಗಳ ಎಣ್ಣೆಯಲ್ಲಿ. ಆ ಎಣ್ಣೆ ಜಿಡ್ಡಿನಲ್ಲಿ ಕರಗುತ್ತದೆ. ನಾವು ಒಗ್ಗರಣೆಯನ್ನು ನೀರಿನಲ್ಲಿ ಹಾಕದೆ ಎಣ್ಣೆಯಲ್ಲಿ ಹಾಕುವುದು ಇದಕ್ಕೇ ಅಲ್ಲವೇ?

ನಂತರ ಮೊಟ್ಟೆ ಒಡೆದು ಹಾಕಿ ಕಲಸಿ. ಮೈದಾ, ಸೋಡಾ, ಉಪ್ಪನ್ನು ಒಟ್ಟಿಗೆ ಜರಡಿ ಹಿಡಿದು ಸೇರಿಸಿ. ಬಿಳಿ ಹಿಟ್ಟು ಕಾಣದಂತಾದ ಕೂಡಲೇ ಓಟ್ಸ್, ದ್ರಾಕ್ಷಿ ಹಾಕಿ ಕೈಯಾಡಿಸಿ ನಿಲ್ಲಿಸಿ. ಹೆಚ್ಚು ನಾದಿದರೆ ಮೈದಾದ ಅಂಟು ಬಲಿತು ಬಿಗಿಯಾಗುತ್ತದೆ. ಸೋಡಾ ಅರ್ಧ ಚಮಚಕ್ಕಿಂತ ಹೆಚ್ಚಿಸಬೇಡಿ. ಬೆಲ್ಲದ ಸಣ್ಣ ಹುಳಿಯೊಡನೆ ಸೇರಿ ಅದು ಕುಕಿಯನ್ನು ಹಗುರ ಮಾಡುತ್ತದೆ, ಬಣ್ಣ ತರಿಸುತ್ತದೆ; ಮಿತಿ ಮೀರಿದರೆ ಸಾಬೂನಿನ ರುಚಿ.

ಪಾತ್ರೆ ಮುಚ್ಚಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಓವನ್ನನ್ನು 175 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಹದಿನೈದು ನಿಮಿಷ ಮೊದಲೇ ಕಾಯಿಸಿ. ಹಿಟ್ಟನ್ನು ದೊಡ್ಡ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಜಿಡ್ಡು ಸವರಿದ ತಟ್ಟೆಯ ಮೇಲೆ ಎರಡೆರಡು ಅಂಗುಲ ಬಿಟ್ಟು ಇಟ್ಟು, ಅಂಗೈಯಲ್ಲಿ ಮೆಲ್ಲಗೆ ಒತ್ತಿ. 10ರಿಂದ 12 ನಿಮಿಷ ಸಾಕು. ನೋಡಬೇಕಾದದ್ದು ಅಂಚನ್ನು. ಅಂಚು ಕೆಂಪಗಾಗಿ, ನಡುಭಾಗ ಇನ್ನೂ ಹಸಿಯಾಗಿ, ಹೊಳೆಯುತ್ತಿರುವಂತೆ ಕಂಡಾಗಲೇ ತಟ್ಟೆಯನ್ನು ಹೊರತೆಗೆಯಿರಿ. ಎಲ್ಲರ ಧೈರ್ಯ ಪರೀಕ್ಷೆಯಾಗುವುದು ಇಲ್ಲಿಯೇ. ಕುಕಿಗಳನ್ನು ಕೂಡಲೇ ಎಬ್ಬಿಸಬೇಡಿ, ಬಿಸಿ ತಟ್ಟೆಯ ಮೇಲೆಯೇ ಐದು ನಿಮಿಷ ಬಿಡಿ. ತಟ್ಟೆಯ ಬಿಸಿಗೆ ನಡುಭಾಗ ಬೇಯುವುದು ಮುಗಿಯುತ್ತದೆ. ಆಮೇಲೆ ಜಾಲರಿಯ ಮೇಲೆ ಆರಲು ಬಿಡಿ. ಓವನ್ನಿಂದ ಓವನ್ನಿಗೆ ಬಿಸಿ ಬೇರೆಯಾಗುವುದರಿಂದ ಮೊದಲು ಎರಡೇ ಉಂಡೆ ಇಟ್ಟು ಪರೀಕ್ಷಿಸಿ, ನಿಮ್ಮ ಓವನ್ನಿನ ನಿಮಿಷವನ್ನು ಗೊತ್ತುಮಾಡಿಕೊಳ್ಳುವುದು ಜಾಣತನ.

ಮೊಟ್ಟೆ ತಿನ್ನದವರು ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಗೆಂದು ಅಗಸೆ ಇದ್ದೇ ಇರುತ್ತದೆ. ನೆನೆದಾಗ ಬಿಡುವ ಲೋಳೆ ಹಿಟ್ಟನ್ನು ಹಿಡಿದಿಡುತ್ತದೆ, ನೀರನ್ನೂ ಹಿಡಿದಿಡುತ್ತದೆ. ಮೈದಾ ಬೇಡವೆನ್ನುವವರು ಅರ್ಧಪಾಲು ಗೋಧಿ ಹಿಟ್ಟು ಬಳಸಿ. ತವುಡು ಹೆಚ್ಚು ನೀರು ಕುಡಿಯುವುದರಿಂದ ಒಂದು ಚಮಚ ಹಾಲು ಸೇರಿಸಿ. ಪೂರ್ತಿ ರಾಗಿ ಹಿಟ್ಟಿನಲ್ಲಿ ಮಾಡಬಹುದೇ? ರಾಗಿಯಲ್ಲೂ ಓಟ್ಸ್‌ನಲ್ಲೂ ಗೋಧಿಯ ಅಂಟಿಲ್ಲ. ಎರಡೇ ಸೇರಿದರೆ ಕುಕಿ ಕೈಯಲ್ಲೇ ಉದುರುತ್ತದೆ. ಕಾಲುಪಾಲು ರಾಗಿ ಹಿಟ್ಟು ಹಾಕಿದರೆ ಮಾತ್ರ ನಡೆಯುತ್ತದೆ, ಪರಿಮಳವೂ ಚೆನ್ನ.

ಓವನ್ ಇಲ್ಲದವರು ದಪ್ಪ ತಳದ ಅಗಲ ಪಾತ್ರೆಯಲ್ಲಿ ಒಂದು ಅಂಗುಲ ಪುಡಿ ಉಪ್ಪು ಹರಡಿ, ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಕುಕಿಯ ತಟ್ಟೆ ಇಟ್ಟು, ಉರಿ ಸಣ್ಣ ಮಾಡಿ, ಹದಿನೈದು ನಿಮಿಷದ ನಂತರ ನೋಡುತ್ತಿರಿ. ಮೇಲ್ಭಾಗಕ್ಕೆ ಬಣ್ಣ ಬರುವುದಿಲ್ಲ. ಬಣ್ಣಕ್ಕಾಗಿ ಕಾದರೆ ತಳ ಸೀದುಹೋಗುತ್ತದೆ. ಕುಕ್ಕರನ್ನೇ ಬಳಸುವುದಾದರೆ ಮುಚ್ಚಳದ ರಬ್ಬರನ್ನೂ ಮೇಲಿನ ವೆಯ್ಟನ್ನೂ ತೆಗೆದಿರಲೇಬೇಕು.

ಇದು ಔಷಧಿಯಲ್ಲ

ಓಟ್ಸ್ ಎಂಬ ಹೆಸರು ಕೇಳಿದ ಕೂಡಲೇ ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಡಬ್ಬಿಗಟ್ಟಲೆ ತಿನ್ನುವವರಿದ್ದಾರೆ. ಕೊಲೆಸ್ಟರಾಲ್ ಇದೆಯೆಂದು ಮನೆಯ ಹಿರಿಯರಿಗೆ ಬೇರೆ ಬಿಸ್ಕತ್ತು ತಪ್ಪಿಸಿ ಇದನ್ನು ಕೊಡುವವರೂ ಇದ್ದಾರೆ. ಇಲ್ಲಿ ಒಂದು ಲೆಕ್ಕ ಹಾಕಲೇಬೇಕು.

ಓಟ್ಸ್‌ನಲ್ಲಿ ಬೀಟಾ ಗ್ಲೂಕಾನ್ ಎಂಬ, ನೀರಿನಲ್ಲಿ ಕರಗುವ ನಾರು ಇದೆ. ಅದು ಕೊಲೆಸ್ಟರಾಲ್ ಇಳಿಸಲು ನೆರವಾಗುತ್ತದೆ ಎಂಬುದು ನಿಜ. 1997ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಓಟ್ಸ್ ಡಬ್ಬಿಗಳ ಮೇಲೆ ಹೃದಯದ ಆರೋಗ್ಯದ ಬಗ್ಗೆ ಬರೆದುಕೊಳ್ಳಲು ಅನುಮತಿ ಕೊಟ್ಟಿತು. ಆದರೆ ಅದಕ್ಕೆ ಆಧಾರವಾದ ಪ್ರಮಾಣ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್. ಜೊತೆಗೆ ಊಟದಲ್ಲಿ ಬೆಣ್ಣೆ, ತುಪ್ಪದಂಥ ಜಿಡ್ಡು ಕಡಿಮೆಯಿರಬೇಕು ಎಂಬ ಷರತ್ತು. ಓಟ್ಸ್‌ನಲ್ಲಿ ಈ ನಾರು ನೂರಕ್ಕೆ ಸುಮಾರು 4 ಪಾಲು. ನಮ್ಮ ಒಂದು ಕುಕಿಯಲ್ಲಿ ಇರುವುದು ಏಳೂವರೆ ಗ್ರಾಂ ಓಟ್ಸ್, ಅಂದರೆ ಸುಮಾರು 0.3 ಗ್ರಾಂ ನಾರು. 3 ಗ್ರಾಂ ಆಗಬೇಕಾದರೆ ಹತ್ತು ಕುಕಿ ತಿನ್ನಬೇಕು. ಹತ್ತು ಕುಕಿಯ ಜೊತೆ ಹೊಟ್ಟೆಗೆ ಹೋಗುವುದು ಸುಮಾರು 57 ಗ್ರಾಂ ಬೆಣ್ಣೆ, 85ರಿಂದ 90 ಗ್ರಾಂ ಬೆಲ್ಲ-ಸಕ್ಕರೆ! ಸಕ್ಕರೆಯನ್ನು ದಿನಕ್ಕೆ 25 ಗ್ರಾಂ ಒಳಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಎರಡು ಕುಕಿಗೇ ಅದರ ಮುಕ್ಕಾಲು ಪಾಲು ಹತ್ತಿರ ಬರುತ್ತದೆ. ‘ಬೆಲ್ಲ ಹಾಕಿದ್ದೇವಲ್ಲ’ ಎಂಬ ಸಮಾಧಾನವೂ ಸಲ್ಲದು. ಬೆಲ್ಲ ಹಾಕಿದ್ದು ಮೆತ್ತಗಿರಲಿ ಎಂದು. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ.

ಕೊಲೆಸ್ಟರಾಲ್ ಇಳಿಸಬೇಕೆಂದು ಓಟ್ಸ್ ತಿನ್ನುವವರು ಬೆಳಿಗ್ಗೆ ಅದರ ಗಂಜಿಯನ್ನೋ ಉಪ್ಪಿಟ್ಟನ್ನೋ ತಿನ್ನಲಿ. ಕುಕಿಯನ್ನು ಸಿಹಿತಿಂಡಿಯೆಂದೇ ಒಪ್ಪಿಕೊಂಡು ಸಂಜೆಯ ಕಾಫಿಗೆ ಒಂದು, ಹೆಚ್ಚೆಂದರೆ ಎರಡು ತಿಂದರೆ ಯಾವ ತಕರಾರೂ ಇಲ್ಲ. ಹಾಗೆ ನೋಡಿದರೆ ಇದರ ನಿಜವಾದ ಉಪಕಾರ ಬೇರೆಯೇ ಇದೆ. ಹಬ್ಬದ ಚಕ್ಕುಲಿಯನ್ನು ಕುಟ್ಟಿ ಪುಡಿ ಮಾಡಿಕೊಂಡು ತಿನ್ನುವ ಅಜ್ಜ ಅಜ್ಜಿಯರಿಗೆ, ಹಲ್ಲುಸೆಟ್ ಹಾಕಿಸಿಕೊಂಡು ಗಟ್ಟಿ ತಿನಿಸು ಕಂಡರೆ ಹಿಂಜರಿಯುವವರಿಗೆ, ಎಲ್ಲರ ಜೊತೆ ಕುಳಿತು ಎಲ್ಲರಂತೆ ಕಚ್ಚಿ ತಿನ್ನುವ ತಿಂಡಿ ಇದು. ಅವರಿಗೆಂದು ಮಾಡುವಾಗ ದ್ರಾಕ್ಷಿಯ ಬೀಜ ತೆಗೆದು ಸಣ್ಣಗೆ ಹೆಚ್ಚಿ ಹಾಕಿ, ಓವನ್ನಿನ ಹೊತ್ತನ್ನು ಇನ್ನೊಂದು ನಿಮಿಷ ಕಡಿಮೆ ಮಾಡಿ.

ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ಬಿಸಿಯಿರುವಾಗ ತುಂಬಿದರೆ ಹಬೆ ನೀರಾಗಿ ಬೂಸು ಹಿಡಿಯುತ್ತದೆ. ತೇವ ಉಳಿಸಿಕೊಂಡ ತಿನಿಸು ಕಾರ್ಖಾನೆಯ ಬಿಸ್ಕತ್ತಿನಂತೆ ತಿಂಗಳುಗಟ್ಟಲೆ ಬಾಳುವುದಿಲ್ಲ. ಬೆಂಗಳೂರು, ಮೈಸೂರಿನ ಹವೆಯಲ್ಲಿ ನಾಲ್ಕೈದು ದಿನ, ಕರಾವಳಿಯ ಮಳೆಗಾಲದಲ್ಲಿ ಎರಡು ಮೂರು ದಿನದಲ್ಲಿ ಖಾಲಿ ಮಾಡಿ. ಉಳಿದದ್ದು ಫ್ರಿಜ್ಜಿಗೆ ಹೋಗಲಿ. ಕಲಸಿದ ಹಿಟ್ಟಿನ ಉಂಡೆಗಳನ್ನೇ ಫ್ರೀಜರಿನಲ್ಲಿಟ್ಟು ಬೇಕಾದಾಗ ನಾಲ್ಕು ನಾಲ್ಕು ಬೇಯಿಸಿಕೊಳ್ಳುವುದು ಇನ್ನೂ ಉತ್ತಮ. ಇಷ್ಟೆಲ್ಲ ಮಾಡಿಯೂ ಕುಕಿ ತುಸು ಗಟ್ಟಿಯಾಯಿತೆನ್ನಿ. ಡಬ್ಬಿಯೊಳಗೆ ಒಂದು ತುಂಡು ಬ್ರೆಡ್ ಇಟ್ಟು ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ನೋಡಿದರೆ ಬ್ರೆಡ್ ರಸ್ಕ್‌ನಂತೆ ಒಣಗಿರುತ್ತದೆ, ಕುಕಿ ಮೆತ್ತಗಾಗಿರುತ್ತದೆ.